ಪುಟ್ಟಿಗೊಂದು ಪಿಯಾನೋ ಹುಡುಕುತ್ತಾ ಹಮಾಮಾತ್ಸುವಿಗೆ

ಟೋಕಿಯೋದ ನಿಶಿ ಕಸಾಯಿಗೆ ನಾವು ಬಂದು ಮೂರು ವರ್ಷ. ಭಾರತೀಯರು ಹೆಚ್ಚಿರುವ ಜಾಗ, ಹಾಗಾಗಿ ತೊಗರಿಬೇಳೆಗೂ ಸಾಂಬಾರ್ ಪುಡಿಗೂ ತೊಂದರೆಯಿಲ್ಲ. ತೊಂದರೆ ಇರೋದು ಸದ್ದಿನದು. ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಎಷ್ಟು ತೆಳು ಅಂದ್ರೆ ಪಕ್ಕದ ಮನೆಯವರು ಸೀನಿದ್ರೂ ಕೇಳತ್ತೆ. ಪಿಯಾನೋ ಇಡುವಂತಿಲ್ಲ ಅಂತ ಬಾಡಿಗೆ ಕರಾರಿನಲ್ಲೇ ಇದೆ.

ಆರು ವರ್ಷದ ಪುಟ್ಟಿಗೆ ಶಾಲೆಯಲ್ಲಿ ಪಿಯಾನೋ ನೋಡಿದಾಗಿನಿಂದ ಅದೇ ಜಪ. ಸಮಾಧಾನಕ್ಕೆ ಒಂದು ಅಗ್ಗದ ಕೀಬೋರ್ಡ್ ತಂದುಕೊಟ್ಟೆವು. ವಾರದೊಳಗೆ ಅಂಚೆ ಡಬ್ಬದಲ್ಲಿ ಕೆಳಗಿನ ಮನೆಯ ಅಜ್ಜಿಯ ಚೀಟಿ. ಸಂಜೆ ಹೊತ್ತು ಸ್ವಲ್ಪ ಸದ್ದು ಕಡಿಮೆ ಮಾಡಲಾದೀತೇ ಎಂದು ಬಹಳ ವಿನಯದಿಂದ ಕೇಳಿದ್ದರು. ಅಂದಿನಿಂದ ನನ್ನದು "ಶ್... ಮೆಲ್ಲಗೆ" ಅನ್ನೋದೇ ಆಯ್ತು. ಒಂದು ದಿನ ನೋಡ್ತೀನಿ, ಪುಟ್ಟಿ ಸ್ವಿಚ್ಚನ್ನೇ ಹಾಕದೆ ಒಂದೇ ಬೆರಳಲ್ಲಿ ಕೀ ಒತ್ತುತ್ತಾ ಕೂತಿದ್ದಾಳೆ. "ಹೀಗಾದ್ರೆ ಕೆಳಗಿನ ಅಜ್ಜಿಗೆ ಕೇಳಲ್ಲ ಅಲ್ವಾಮ್ಮಾ?" ಅಂದಳು. ನನ್ನ ಕರುಳು ಚುರುಕ್ ಅಂತು.

"ಹೆಡ್‌ಫೋನ್ ಹಾಕ್ಕೊಳ್ಳೋ ಡಿಜಿಟಲ್ ಪಿಯಾನೋನೇ ತಗೊಳ್ಳೋಣ" ಅಂದರು ನಮ್ಮವರು. ಮೈಸೂರಿನಿಂದ ವಿಡಿಯೋ ಕಾಲಿನಲ್ಲಿ ಅತ್ತೆ, "ಅಲ್ಲಮ್ಮಾ, ನಾಳೆ ಮಗು ಬೇಡ ಅಂದ್ರೆ ಅಷ್ಟು ದುಡ್ಡು ದಂಡ ಅಲ್ವಾ?" ಅಂದರು. ಅವರ ಮಾತಲ್ಲೂ ನ್ಯಾಯವಿತ್ತು. ಕೊಳ್ಳುವ ಮುಂಚೆ ಪುಟ್ಟಿಯ ಕೈಯನ್ನೇ ಕೇಳೋಣ ಎಂದು ಒಂದು ಶನಿವಾರ ಹಮಾಮಾತ್ಸುವಿಗೆ ಹೊರಟೆವು.

ಟೋಕಿಯೋದಿಂದ ಸುಮಾರು 250 ಕಿ.ಮೀ. ಹಿಕಾರಿ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ. ಮೋಡವಿಲ್ಲದಿದ್ದರೆ ಬಲಗಡೆ ಕಿಟಕಿಯಲ್ಲಿ ಫ್ಯೂಜಿ ಪರ್ವತ ಕಾಣುತ್ತದೆ. 1887ರಲ್ಲಿ ಇಲ್ಲಿನ ಶಾಲೆಯೊಂದರ ಆರ್ಗನ್ ಕೆಟ್ಟಾಗ, ವೈದ್ಯಕೀಯ ಉಪಕರಣ ರಿಪೇರಿ ಮಾಡುತ್ತಿದ್ದ ತೊರಾಕುಸು ಯಮಾಹಾ ಎಂಬುವರನ್ನು ಕರೆಸಿದರಂತೆ. ರಿಪೇರಿ ಮಾಡಿದವರು ತಾವೇ ಒಂದು ಆರ್ಗನ್ ಕಟ್ಟಿ, ಹಾಕೋನೆ ಬೆಟ್ಟ ದಾಟಿಸಿ ಟೋಕಿಯೋದವರೆಗೆ ಹೊತ್ತೊಯ್ದರು. ಅಲ್ಲಿ ಶ್ರುತಿ ಸರಿಯಿಲ್ಲ ಅಂದರು. ಎದೆಗುಂದದೆ ಅಲ್ಲೇ ಸಂಗೀತಶಾಸ್ತ್ರ ಕಲಿತು ಬಂದು ಇನ್ನೊಂದು ಕಟ್ಟಿದರು. ಹಾಗೆ ಹುಟ್ಟಿದ್ದು ಯಮಾಹಾ ಕಂಪನಿ. ಅಲ್ಲೇ ಕೆಲಸ ಮಾಡಿದ್ದ ಕೊಯಿಚಿ ಕವಾಯಿ 1927ರಲ್ಲಿ ಇದೇ ಊರಲ್ಲಿ ತಮ್ಮದೇ ಕಂಪನಿ ತೆರೆದರು. ಚನ್ನಪಟ್ಟಣಕ್ಕೆ ಗೊಂಬೆ ಹೇಗೋ, ಹಮಾಮಾತ್ಸುವಿಗೆ ಪಿಯಾನೋ ಹಾಗೆ.

ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ 1995ರಲ್ಲಿ ತೆರೆದ ವಾದ್ಯ ಸಂಗ್ರಹಾಲಯ. ಇಂಡೋನೇಷ್ಯಾದ ಗ್ಯಾಮಲಾನ್‌ನಿಂದ ಹಿಡಿದು ಯುರೋಪಿನ ಹಳೇ ಪಿಯಾನೋಗಳವರೆಗೆ ಎಲ್ಲವೂ ಇವೆ. ಪಿಯಾನೋಗಿಂತ ಮುಂಚೆ ಇದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಎಷ್ಟೇ ಜೋರಾಗಿ ಒತ್ತಿದರೂ ಹೆಚ್ಚೂಕಡಿಮೆ ಒಂದೇ ಸದ್ದು. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೋಫೊರಿ, ಪುಟ್ಟ ಸುತ್ತಿಗೆ ತಂತಿಗೆ ಬಡಿಯುವ ಹಾಗೆ ಮಾಡಿದ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಅದಕ್ಕೇ ಅದರ ಹೆಸರು ಪಿಯಾನೋಫೋರ್ಟೆ, ಅಂದರೆ ಮೆಲು-ಜೋರು. ನಮ್ಮ ಮನೆಯ ಕೀಬೋರ್ಡ್ ನೆನಪಾಯಿತು. ಅದರಲ್ಲೂ ಹೇಗೆ ಒತ್ತಿದರೂ ಒಂದೇ ಸದ್ದು!

ವಾದ್ಯಗಳನ್ನು ಮುಟ್ಟಿ ನುಡಿಸಲು ಅಲ್ಲೊಂದು ಕೋಣೆಯಿದೆ. ಪುಟ್ಟಿ ಬಾಗಿಲಲ್ಲೇ ನಿಂತು, "ಅಮ್ಮಾ, ಜೋರಾಗಿ ಮಾಡ್ಬಹುದಾ?" ಅಂತ ಪಿಸುಗುಟ್ಟಿದಳು. "ಮಾಡು ಕಂದಾ" ಅಂದೆ. ಮೊದಲು ಒಂದು ಬೆರಳು, ಆಮೇಲೆ ಹತ್ತೂ ಬೆರಳು! ನನ್ನ ಕಣ್ಣು ತುಂಬಿತು.

ಮಧ್ಯಾಹ್ನ ಒಂದು ವಾದ್ಯದಂಗಡಿಗೆ ಹೋದೆವು. ಅಲ್ಲಿ ಕಲಿತದ್ದನ್ನು ನಿಮಗೂ ಹೇಳಿಬಿಡ್ತೀನಿ. ನೂರಾರು ರಾಗ, ತಾಳ, ಬಣ್ಣದ ದೀಪ ನೋಡಿ ಮರುಳಾಗಬೇಡಿ. ಕೀ 88 ಇರಲಿ, ಸುತ್ತಿಗೆಯ ಭಾರ ಇರಲಿ: ಎಡಗಡೆ ಕೀಗಳು ತುಸು ಭಾರ, ಬಲಗಡೆ ಹೋದಂತೆ ಹಗುರ. ಮಗುವಿಗೆ ಹಗುರವೇ ಒಳ್ಳೇದು ಅಂದುಕೊಂಡಿದ್ದೆ, ತಪ್ಪು. ಹಗುರ ಕೀಗೆ ಒಗ್ಗಿದ ಬೆರಳು ನಿಜವಾದ ಪಿಯಾನೋ ಮುಂದೆ ಸೋಲುತ್ತದೆ. ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಎತ್ತರ ಬದಲಿಸುವ ಸ್ಟೂಲ್ ಬೇಕು. ಕಾಲು ನೇತಾಡದಂತೆ ಕೆಳಗೊಂದು ಮಣೆ ಇಡಬೇಕು. ಊರಿಗೆ ಒಯ್ಯುವವರು ಅಡಾಪ್ಟರ್ ನೋಡಿಕೊಳ್ಳಿ. ಜಪಾನಿನಲ್ಲಿ 100 ವೋಲ್ಟ್, ನಮ್ಮಲ್ಲಿ 230.

ಅಂಗಡಿಯವರು ಮೂರು ಪಿಯಾನೋ ತೋರಿಸಿದರು. ಪುಟ್ಟಿ ಪ್ರತಿಯೊಂದರಲ್ಲೂ ಒಂದೇ ಕೀಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿದಳು. ಕೊನೆಯದನ್ನು ತೋರಿಸಿ, "ಇದಕ್ಕೆ ನಾನು ಹೇಳಿದ್ದು ಕೇಳತ್ತೆ" ಅಂದಳು. ಹನ್ನೆರಡು ಕೆ.ಜಿ.ಯ ಸರಳ ಪಿಯಾನೋ. ಹತ್ತಿರ ಹತ್ತಿರ 60 ಸಾವಿರ ಯೆನ್. ನಮ್ಮವರು ಮರುಮಾತಿಲ್ಲದೆ ಕಾರ್ಡ್ ತೆಗೆದರು.

ಹೆಡ್‌ಫೋನ್ ಹಾಕಿದರೂ ಕೀ ಒತ್ತುವ ಟಪಟಪ ಸದ್ದು ನೆಲಕ್ಕೆ ಇಳಿಯುತ್ತದೆ ಅಂತ ಅಂಗಡಿಯವರೇ ಎಚ್ಚರಿಸಿದ್ದರು. ದಪ್ಪ ಮ್ಯಾಟ್ ಹಾಸಿದೆವು. ಸಿಹಿ ತಿಂಡಿಯ ಡಬ್ಬ ಹಿಡಿದು, ಪುಟ್ಟಿಯನ್ನೂ ಕರಕೊಂಡು ಕೆಳಗಿನ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಸಂಜೆ ಐದರಿಂದ ಆರು ವಾಕಿಂಗ್ ಹೋಗ್ತಾರಂತೆ. "ಆಗ ಹೆಡ್‌ಫೋನ್ ತೆಗೆದು ನುಡಿಸಲಿ" ಅಂದರು.

ಈಗ ಸಂಜೆ ಐದಾದರೆ ಪುಟ್ಟಿ ಕಿಟಕಿಯಲ್ಲಿ ಇಣುಕುತ್ತಾಳೆ. ಅಜ್ಜಿ ಟೋಪಿ ಹಾಕಿಕೊಂಡು ಗೇಟು ದಾಟುತ್ತಾರೆ, ಒಮ್ಮೊಮ್ಮೆ ಮೇಲೆ ನೋಡಿ ಕೈ ಬೀಸುತ್ತಾರೆ. ನಾನು ಒಲೆ ಸಣ್ಣ ಮಾಡಿ ಬಂದು ಕೂರುತ್ತೇನೆ.