ಡಾಬಕಾದಲ್ಲಿ ಎರಡು ರಾತ್ರಿ

ಬೀದರ ಪಟ್ಟಣವನ್ನು ಬಿಟ್ಟು ಔರಾದಿನ ಕಡೆಗೆ ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಮೊದಲು ಗೋಚರವಾಗುವುದು ಮಣ್ಣಿನ ಬಣ್ಣದ ಬದಲಾವಣೆಯು. ಬಹಮನಿ ಅರಸರ ಕೋಟೆಯೂ, ಮಹಮೂದ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸೆಯೂ ನಿಂತಿರುವ ಎತ್ತರದ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯದು. ಮಾಂಜರಾ ನದಿಯನ್ನು ದಾಟಿ ಮುಂದೆ ಸಾಗಿದಂತೆ ಕರಿಯ ಎರೆಭೂಮಿಯು ಹರಡಿಕೊಳ್ಳುತ್ತದೆ. ನಾನು ಹೋದದ್ದು ಕಾರ್ತೀಕಮಾಸದಲ್ಲಿ. ಸೋಯಾ ಕೊಯ್ದಾಗಿತ್ತು, ತೊಗರಿಯು ಹಳದಿ ಹೂವನ್ನು ತಳೆದು ನಿಂತಿತ್ತು, ಹಿಂಗಾರಿ ಜೋಳವು ಗೇಣುದ್ದ ಎದ್ದಿತ್ತು. ಹೊಲದ ಬದುಗಳಲ್ಲಿ ಕಪ್ಪು ಬಿಳುಪಿನ ದೇವಣಿ ದನಗಳು ಮೇಯುತ್ತಿದ್ದವು.

ಡಾಬಕಾ ಗ್ರಾಮವು ಈ ಎರೆಸೀಮೆಯಲ್ಲಿದೆ. ಮಹಾರಾಷ್ಟ್ರದ ಗಡಿಯು ದೂರವಿಲ್ಲವಾದುದರಿಂದಲೂ, ೧೯೫೬ರ ವರೆಗೆ ಈ ಸೀಮೆಯು ಹೈದರಾಬಾದ ರಾಜ್ಯಕ್ಕೆ ಸೇರಿದ್ದುದರಿಂದಲೂ, ಇಲ್ಲಿಯ ಜನರು ಕನ್ನಡದಲ್ಲಿ ಆರಂಭಿಸಿದ ಮಾತನ್ನು ಮರಾಠಿಯಲ್ಲಿ ಮುಂದುವರಿಸಿ ಉರ್ದುವಿನಲ್ಲಿ ಮುಗಿಸಬಲ್ಲರು. ವ್ಯಾಕರಣ ಕಲಿಸಿದವನಿಗೆ ಇದು ಮೊದಲು ಕರ್ಣಕಠೋರವೆನಿಸಿದರೂ ಎರಡನೆಯ ದಿನಕ್ಕೆ ಇಂಪಾಗಿ ಕೇಳುತ್ತದೆ.

ನಾನು ಇಳಿದುಕೊಂಡದ್ದು ಪೂರ್ವದ ಶಿಷ್ಯನೊಬ್ಬನ ಮನೆಯಲ್ಲಿ. ಅವನಿಗೆ ಈಗ ನಲವತ್ತಾರು ವರ್ಷ, ಸ್ಥೂಲಕಾಯನು. ಸ್ವಂತ ಜೀಪನ್ನಿಟ್ಟುಕೊಂಡು ಮುಂಜಾನೆ ಶಾಲೆಯ ಮಕ್ಕಳನ್ನು ಔರಾದಿಗೂ, ಹೊತ್ತು ಏರಿದ ಮೇಲೆ ಜನರನ್ನು ಭಾಲ್ಕಿ ಬೀದರಗಳಿಗೂ ಕರೆದೊಯ್ಯುವುದು ಅವನ ಉದ್ಯೋಗ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿಗಳ ಊಟವಾದ ಮೇಲೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರು. ಮಲಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಶಿಷ್ಯನ ಗೊರಕೆಯು ಆರಂಭವಾಯಿತು. ಕುಂಭಕರ್ಣನ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆನು; ಕಿವಿಯಾರೆ ಕೇಳಿದ್ದು ಅಂದೇ. ಆದರೆ ವಾಚಕರೇ, ನನ್ನನ್ನು ಎಬ್ಬಿಸಿ ಕುಳ್ಳಿರಿಸಿದ್ದು ಆ ಗೊರಕೆಯಲ್ಲ, ಅದು ಥಟ್ಟನೆ ನಿಂತುದು. ಎದೆಯು ಏರಿಳಿಯುತ್ತಿತ್ತು, ಉಸಿರು ಮಾತ್ರ ಇಲ್ಲ. ಕೈಗಡಿಯಾರವನ್ನು ನೋಡಿದೆನು: ಒಮ್ಮೆ ಇಪ್ಪತ್ತು ಸೆಕೆಂಡು, ಇನ್ನೊಮ್ಮೆ ಮೂವತ್ತಕ್ಕೂ ಹೆಚ್ಚು. ಬಳಿಕ ಬಾವಿಯಲ್ಲಿ ಮುಳುಗಿದವನು ಮೇಲೆದ್ದಂತೆ ಭಯಂಕರವಾಗಿ ಉಸಿರೆಳೆದು ಮತ್ತೆ ಗೊರಕೆ. ಅವನಿಗೆ ಎಚ್ಚರವೇ ಇಲ್ಲ.

ಅಷ್ಟರಲ್ಲಿ ಅವನ ಹೆಂಡತಿಯು ಮೇಲೆ ಬಂದು, ಗಂಡನನ್ನು ಹೊರಳಿಸಿ ಮಗ್ಗುಲಾಗಿ ಮಲಗಿಸಿದಳು. “ಗೊರಕಿ ಹೊಡದ್ರ ಚಿಂತಿ ಇಲ್ಲರಿ ಗುರೂಜಿ. ಗೊರಕಿ ನಿಂತ್ರ ನನಗ ಅಂಜಿಕಿ ಆಗ್ತದ,” ಎಂದಳು.

ಮರುದಿನ ಪೂರ್ವವೃತ್ತಾಂತವೆಲ್ಲ ತಿಳಿಯಿತು. ಹಿಂದಿನ ಬೇಸಗೆಯಲ್ಲಿ ಬೀದರದಿಂದ ಒಂಬತ್ತು ಜನರನ್ನು ಕರೆತರುವಾಗ ಹಾಡುಹಗಲೇ ಚಾಲಕನಿಗೆ ಜೊಂಪು ಹತ್ತಿ ಜೀಪು ಹೊಲಕ್ಕೆ ಇಳಿದಿತ್ತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಊರವರು ಮಕ್ಕಳನ್ನು ಅವನ ಜೀಪಿನಲ್ಲಿ ಕಳಿಸುವುದನ್ನು ನಿಲ್ಲಿಸಿಬಿಟ್ಟರು. ನ್ಯಾಯವೇ ಸರಿ. ಹೈದರಾಬಾದಿನಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದಾಗ, ಗಂಟೆಗೆ ೨೨ ಸಲ ಅವನ ಉಸಿರು ತಡೆಯುವುದು ಕಂಡುಬಂದಿತು. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದ ತಡೆಗಳನ್ನು ಮಾತ್ರ ವೈದ್ಯರು ಎಣಿಸುತ್ತಾರೆ. ಗಂಟೆಗೆ ೫ರಿಂದ ೧೫ರ ವರೆಗೆ ಸೌಮ್ಯ, ೩೦ರ ವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ತೀವ್ರವೆಂದು ಗಣನೆ.

ಇದರ ಕಾರಣವನ್ನು ತಿಳಿಯಬೇಕಾದರೆ ಬೀದರದ ನೌಬಾದಿನಲ್ಲಿರುವ ಪುರಾತನ ಕರೇಜನ್ನು, ಎಂದರೆ ನೆಲದೊಳಗಿನ ಸುರಂಗಕಾಲುವೆಯನ್ನು, ನೆನೆಯಬಹುದು. ಮೇಲಿನ ಮಣ್ಣು ಕುಸಿದರೆ ಒಳಗಿನ ನೀರು ನಿಲ್ಲುತ್ತದೆ. ಗಂಟಲಿನ ಮೇಲ್ಭಾಗದ ಮಾರ್ಗವನ್ನು ಸುತ್ತಲೂ ಹಿಡಿದಿಡುವ ಎಲುಬಿಲ್ಲ. ಸ್ನಾಯುಗಳೇ ಅದನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಾಗಿ, ಅಂಗಾತ ಮಲಗಿದವನ ನಾಲಿಗೆಯೂ ಕಿರುನಾಲಿಗೆಯ ಸುತ್ತಣ ಮೆದುಭಾಗವೂ ಹಿಂದಕ್ಕೆ ಜಾರಿ ಮಾರ್ಗವನ್ನು ಮುಚ್ಚುತ್ತವೆ. ರಕ್ತದಲ್ಲಿ ಪ್ರಾಣವಾಯುವು ಕಡಿಮೆಯಾದೊಡನೆ ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಎಳೆಯಿಸುತ್ತದೆ. ರಾತ್ರಿಯೆಲ್ಲ ನೂರಾರು ಸಲ ಹೀಗಾದರೆ ಹಗಲು ತೂಕಡಿಕೆಯು ಬರುವುದರಲ್ಲಿ ಆಶ್ಚರ್ಯವೇನು? ರಕ್ತದ ಒತ್ತಡವು ಏರುವುದು, ಹೃದಯಕ್ಕೂ ಮೆದುಳಿಗೂ ಅಪಾಯವು ಹೆಚ್ಚುವುದು. ನಮ್ಮ ಪೂರ್ವಿಕರಿಗೆ ಇದು ತೀರ ಅಪರಿಚಿತವಾಗಿರಲಿಲ್ಲ. ಮಾಧವನಿದಾನದಲ್ಲಿ ಮೇದೋರೋಗದ ಲಕ್ಷಣಗಳನ್ನು ಹೇಳುವಾಗ ಅತಿನಿದ್ರೆಯ ಜೊತೆಗೆ ‘ಕ್ರಥನ’ವೆಂಬ ಶಬ್ದವು ಬರುತ್ತದೆ, ಅಕಸ್ಮಾತ್ತಾಗಿ ಉಸಿರು ತಡೆಯುವುದು ಎಂದು ವ್ಯಾಖ್ಯಾನಕಾರರು ಅದಕ್ಕೆ ಅರ್ಥವನ್ನು ಹೇಳಿದ್ದಾರೆ.

ಹೈದರಾಬಾದಿನ ವೈದ್ಯರು ಮೊದಲು ಕೊಡಿಸಿದ್ದು ಗಾಳಿಯೊತ್ತುವ ಯಂತ್ರವನ್ನು. ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ೧೯೮೧ರಲ್ಲಿ ಲೋಕಕ್ಕೆ ತಿಳಿಸಿದ ಈ ಉಪಾಯವೇ ಇಂದಿಗೂ ಮುಖ್ಯ ಚಿಕಿತ್ಸೆಯು. ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಗಾಳಿಯನ್ನು ಒತ್ತಿ, ಗಂಟಲಿನ ಮಾರ್ಗವು ಮುಚ್ಚದಂತೆ ಅದು ಕಾಯುತ್ತದೆ. ಆದರೆ ಹಳ್ಳಿಯ ವಿದ್ಯುತ್ತು ಯಂತ್ರದ ಮರ್ಜಿಯನ್ನು ಕಾಯುವುದಿಲ್ಲ. ಕರೆಂಟು ಹೋದೊಡನೆ ಎಚ್ಚರ. ಇದ್ದಾಗ ಮೂಗು ಒಣಗಿ ಉರಿ. ಎರಡು ತಿಂಗಳು ಹೆಣಗಿ ಅವನು ಅದನ್ನು ಗೂಡಿನಲ್ಲಿಟ್ಟನು. ಖಂಡೆಪೂಜೆಯ ದಿನ ಹಚ್ಚಿದ ಕುಂಕುಮವು ಇನ್ನೂ ಅದರ ಮೇಲಿತ್ತು.

ಆಗ ವೈದ್ಯರು ದಂತವೈದ್ಯರ ಬಳಿಗೆ ಕಳಿಸಿದರು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಗಟ್ಟಿ ಕವಚ. ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದಕ್ಕೆ ಹಿಡಿದಿಡುವಂತೆ ಎರಡಕ್ಕೂ ಜೋಡಣೆ. ನಾಲಿಗೆಯ ಬುಡವು ದವಡೆಗೆ ಅಂಟಿಕೊಂಡಿರುವುದರಿಂದ ದವಡೆಯೊಡನೆ ಅದೂ ಮುಂದೆ ಬಂದು ಗಂಟಲು ತೆರೆಯುತ್ತದೆ. ಇದಕ್ಕೆ ವಿದ್ಯುತ್ತು ಬೇಡ, ಸದ್ದಿಲ್ಲ, ಕಿಸೆಯಲ್ಲಿಟ್ಟುಕೊಂಡು ಹೋಗಬಹುದು. ಕಿರಿದವಡೆಯ ಶಿಶುಗಳಿಗಾಗಿ ಪಿಯೇರ್ ರೋಬಾಂ ಎಂಬ ಫ್ರೆಂಚ್ ವೈದ್ಯರು ೧೯೦೨ರಲ್ಲಿಯೇ ಇಂಥ ಯುಕ್ತಿಯನ್ನು ಮಾಡಿದ್ದರು. ಯಂತ್ರವನ್ನು ಸಹಿಸಲಾರದವರಿಗೆ ಇದನ್ನು ಕೊಡಬಹುದೆಂದು ಅಮೇರಿಕೆಯ ನಿದ್ರಾವೈದ್ಯರೂ ದಂತವೈದ್ಯರೂ ಕೂಡಿ ೨೦೧೫ರಲ್ಲಿ ಹೇಳಿದ್ದಾರೆ. ತಡೆಗಳನ್ನು ಕಡಿಮೆ ಮಾಡುವುದರಲ್ಲಿ ಯಂತ್ರವೇ ಮೇಲು. ಆದರೆ ಗೂಡಿನಲ್ಲಿ ಕುಳಿತ ಯಂತ್ರಕ್ಕಿಂತ ಬಾಯಿಯಲ್ಲಿರುವ ಕವಚವು ಲೇಸಲ್ಲವೇ?

ಹಲ್ಲಿನ ಅಚ್ಚನ್ನು ತೆಗೆಯುವ ರೀತಿಯನ್ನು ಶಿಷ್ಯನು ವರ್ಣಿಸಿದಾಗ ನನಗೆ ಬಿದರಿ ಕೆಲಸದವರ ನೆನಪಾಯಿತು. ಅವರು ಮಣ್ಣಿನ ಅಚ್ಚಿನಲ್ಲಿ ಸತುವನ್ನೂ ತಾಮ್ರವನ್ನೂ ಕರಗಿಸಿ ಎರೆಯುತ್ತಾರೆ. ಇಲ್ಲಿ ಮೆತ್ತನೆಯ ಪದಾರ್ಥವನ್ನು ಕಚ್ಚಿಸಿ, ಆ ಗುರುತಿನಲ್ಲಿ ಗಾರೆಯ ಪಡಿಯಚ್ಚನ್ನು ಎರೆದು, ಅದರ ಮೇಲೆ ಕವಚವನ್ನು ಮಾಡುತ್ತಾರೆ. ಎರಡು ಕಡೆಯೂ ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಕೆಟ್ಟಿತು. ಬಿಸಿನೀರಿನಲ್ಲಿ ಅದ್ದಿ ತಾವೇ ಕಚ್ಚಿಕೊಳ್ಳುವ ಸಿದ್ಧವಸ್ತುಗಳು ಬಜಾರಿನಲ್ಲಿ ದೊರೆಯುತ್ತವೆಯಾದರೂ ಪರೀಕ್ಷೆಯಿಲ್ಲದೆ ಅವನ್ನು ನಂಬುವುದು ಸರಿಯಲ್ಲ. ಮೊದಲ ವಾರಗಳಲ್ಲಿ ಜೊಲ್ಲು ಸುರಿಯುವುದುಂಟು, ದವಡೆ ನೋಯುವುದುಂಟು. ಮುಂಜಾನೆ ಸ್ವಲ್ಪ ಹೊತ್ತು ಹಲ್ಲುಗಳು ಕೂಡುವುದಿಲ್ಲ. ವರ್ಷಗಳು ಕಳೆದಂತೆ ಹಲ್ಲಿನ ಸಾಲು ಸರಿಯಬಹುದಾದುದರಿಂದ ದಂತವೈದ್ಯರು ಆಗಾಗ ನೋಡುತ್ತಿರಬೇಕು.

ಹಾಗಾದರೆ ಮೊದಲ ರಾತ್ರಿ ಆ ಕವಚವೆಲ್ಲಿತ್ತು? ಔರಾದಿನಲ್ಲಿ ರಿಪೇರಿಗೆ ಬಿಟ್ಟ ಜೀಪಿನಲ್ಲಿ! ಮರುದಿನ ಸಂಜೆ ಜೀಪೂ ಡಬ್ಬಿಯೂ ಮನೆಗೆ ಬಂದವು.

ಇದನ್ನೆಲ್ಲ ಕೇಳುತ್ತ ಕಟ್ಟೆಯ ಮೇಲೆ ಕುಳಿತಿದ್ದ ಶಿಷ್ಯನ ತಂದೆಯು, ತನಗೂ ಗೊರಕೆಯುಂಟೆಂದೂ ತನಗೂ ಒಂದು ಮಾಡಿಸಬೇಕೆಂದೂ ಹಟ ಹಿಡಿದನು. ಆದರೆ ಕವಚವನ್ನು ಹಿಡಿಯಲು ಗಟ್ಟಿ ಹಲ್ಲುಗಳು ಬೇಕು. ಮುದುಕನ ಬಾಯಲ್ಲಿ ತಂಬಾಕು ಉಳಿಸಿದ್ದು ನಾಲ್ಕನ್ನು ಮಾತ್ರ. ಹಲ್ಲಿಲ್ಲದವರಿಗಾಗಿ ನಾಲಿಗೆಯನ್ನೇ ಮುಂದಕ್ಕೆ ಹಿಡಿದಿಡುವ ಸಾಧನವೂ ಇದೆಯೆಂದು ಹೇಳಿದೆನು. “ನಾಲಿಗಿ ಹಿಡದಿಟ್ರ ಮಾತಾಡೂದು ಹ್ಯಾಂಗರಿ ಮಾಸ್ತರ?” ಎಂದನು. ಜೈಪುರದ ವೈದ್ಯರು ೨೦೨೫ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಅವನಿಗೆ ತಿಳಿಸಿದೆನು: ಆರು ತಿಂಗಳು ಶಂಖವನ್ನು ಊದುವ ಅಭ್ಯಾಸ ಮಾಡಿದವರಿಗೆ ಗಂಟಲಿನ ತಡೆಯೂ ಹಗಲಿನ ತೂಕಡಿಕೆಯೂ ಕಡಿಮೆಯಾದವಂತೆ. ಪ್ರಯೋಗಕ್ಕೆ ಒಳಗಾದವರು ಒಟ್ಟು ೩೦ ಜನ ಮಾತ್ರ. ಅಷ್ಟರಿಂದ ಸಿದ್ಧಾಂತ ಮಾಡಲಾಗದು. ಮುದುಕನಿಗೆ ಮಾತ್ರ ಪರಮಾನಂದವಾಯಿತು. “ಸೋಮವಾರಕ್ಕೊಮ್ಮೆ ಗುಡಿಯಾಗ ಊದತೀನಿ. ಇನ್ನ ದಿನಾ ಊದತೀನಿ,” ಎಂದನು. ಸೊಸೆಯು ಒಳಗಿನಿಂದ, “ಹಂಗಾರ ಊರಿಗೇ ನಿದ್ದಿಲ್ಲ ಮಾವಾ,” ಎಂದಳು.

ಎರಡನೆಯ ರಾತ್ರಿ ಕವಚವನ್ನು ತೊಟ್ಟು ಮಲಗಿದ ಶಿಷ್ಯನ ಗೊರಕೆಯು ತೆಳುವಾಗಿತ್ತು; ಉಸಿರು ನಿಂತುದನ್ನು ನಾನು ಕೇಳಲಿಲ್ಲ. ಆದರೆ ಹತ್ತು ಗಂಟೆಯ ಮೇಲೆ ನನಗೂ ನಿದ್ರೆ ಬಂದುದರಿಂದ ನನ್ನ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಗೊರಕೆ ಅಡಗಿದ ಮಾತ್ರಕ್ಕೆ ರೋಗ ಅಡಗಿತೆನ್ನಲೂ ಬಾರದು. ಕವಚವನ್ನು ತೊಟ್ಟೇ ಮತ್ತೊಮ್ಮೆ ಪರೀಕ್ಷೆಯಾಗಬೇಕು. ಧನುರ್ಮಾಸದಲ್ಲಿ ಅವನು ದೂರವಾಣಿಯಲ್ಲಿ ತಿಳಿಸಿದನು: ೨೨ ಇದ್ದುದು ೮ಕ್ಕೆ ಇಳಿದಿದೆ, ತೂಕವನ್ನೂ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ, ಏಳು ಮಕ್ಕಳು ಮತ್ತೆ ಜೀಪಿಗೆ ಬರುತ್ತಿದ್ದಾರೆ. ಅವನ ಹೆಂಡತಿಗೆ ಮಾತ್ರ ಎರಡು ಗಂಟೆಗೆ ಎಚ್ಚರವಾಗುವ ರೂಢಿಯು ಇನ್ನೂ ತಪ್ಪಿಲ್ಲವಂತೆ.