ಒಂದು ಸಣ್ಣ ಅಡ್ಡಗೆರೆ



ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನಗಬಹುದು. ಆದರೆ ಆ ದಿವಸ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ನಮ್ಮಣ್ಣ ಅರಕೇರಿ ಬಿಟ್ಟು ಪುಣೆಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅದು ಕರಾರಿನ ಕೆಲಸ. ಕಳೆದ ಶ್ರಾವಣದಲ್ಲಿ ಅವನ ಹೆಸರಿಗೆ ನಮ್ಮ ಮನೆಯ ವಿಳಾಸಕ್ಕೆ ಒಂದು ಇಂಗ್ಲಿಷ್ ಪತ್ರ ಬಂತು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ. "ಓದಪಾ, ಏನ್ ಬರದಾರ ನೋಡು" ಅಂದ ಅಪ್ಪ.

ನನಗೆ ಹೆಮ್ಮೆಯೋ ಹೆಮ್ಮೆ. ಎಲ್ಲ ಶಬ್ದಗಳು ತಿಳಿಯಲಿಲ್ಲ. ಒಂದು ಸಾಲಿನ ಕೊನೆಗೆ ‘ರೀ’ ಎಂದು ಇತ್ತು, ಮುಂದೆ ಒಂದು ಸಣ್ಣ ಅಡ್ಡಗೆರೆ. ಕೆಳಗಿನ ಸಾಲಿನ ಮೊದಲಿಗೆ ‘ಸೈನ್’ ಎಂದು ಇತ್ತು. ಸಾಲಿನಲ್ಲಿ ಜಾಗ ಸಾಲದಿದ್ದರೆ ಶಬ್ದವನ್ನು ಮುರಿದು ಹೀಗೆ ಗೆರೆ ಹಾಕುತ್ತಾರೆ, ಓದುವಾಗ ಕೂಡಿಸಿ ಓದಬೇಕು ಎಂದು ಕಲಿತಿದ್ದೆ. ಕೂಡಿಸಿದೆ. ಶಬ್ದಕೋಶ ತೆಗೆದು ನೋಡಿದರೆ ‘ರಾಜೀನಾಮೆ ಕೊಡು’ ಎಂದಿತ್ತು.

"ಅಣ್ಣಗ ಸೋಮವಾರದೊಳಗ ರಾಜೀನಾಮೆ ಕೊಡು ಅಂತ ಬರದಾರ" ಅಂದೆ.

ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಾಗೇ ಕುಂತಳು. ಬೋರಿನ ಸಾಲದ ಕಂತು ಕಟ್ಟುವುದು ಅಣ್ಣ ಕಳಿಸುವ ರೊಕ್ಕದಿಂದಲೇ. ಫೋನ್ ಹಚ್ಚಿದರೆ ಬಂದ್ ಇತ್ತು. ಕೆಲಸದ ವೇಳೆಯಲ್ಲಿ ಮೊಬೈಲ್ ಒಳಗೆ ಒಯ್ಯಲು ಬಿಡುವುದಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಎಮ್ಮಿ ಮಾರಿದ್ರಾತು" ಅಂದ. ಅದು ನಾನು ಮೇಯಿಸುವ ಎಮ್ಮೆ. ನಾನು ಹೋಗಿ ಅದರ ಹತ್ತಿರ ನಿಂತುಬಿಟ್ಟೆ.

ರಾತ್ರಿ ಅಣ್ಣನೇ ಫೋನ್ ಮಾಡಿದ. ವಿಷಯ ಕೇಳಿ ಜೋರಾಗಿ ನಕ್ಕ. "ಲೇ, ಕೆಲಸ ಬಿಡು ಅಂತಲ್ಲೋ! ಕರಾರ ಮುಗದೈತಿ, ಇನ್ನೊಂದು ವರ್ಷಕ್ಕ ಮತ್ತ ಸಹಿ ಮಾಡು ಅಂತ!" ಅವ್ವ ನಗುತ್ತಲೇ ಅತ್ತಳು. ಅಪ್ಪ ನನ್ನ ಕಡೆ ನೋಡಿದ, ಬೈಯಲಿಲ್ಲ. ಬೈದಿದ್ದರೇ ಚಲೋ ಆಗುತ್ತಿತ್ತು.

ಮರುದಿನ ಪತ್ರವನ್ನು ಇಂಗ್ಲಿಷ್ ಅಕ್ಕೋರಿಗೆ ತೋರಿಸಿದೆ. ಅವರು ಹಲಗೆಯ ಮೇಲೆ ಎರಡನ್ನೂ ಬರೆದರು. ‘ರೀ’ ಅಂದರೆ ಮತ್ತೆ, ‘ಸೈನ್’ ಅಂದರೆ ಸಹಿ ಮಾಡು. ನಡುವೆ ಗೆರೆ ಇದ್ದರೆ ಮತ್ತೆ ಸಹಿ ಮಾಡು ಎಂದು ಅರ್ಥ, ‘ರೀ-ಸೈನ್’ ಎಂದು ಬಿಡಿಸಿ ಓದಬೇಕು. ಗೆರೆ ಇಲ್ಲದಿದ್ದರೆ ‘ರಿಝೈನ್’, ಅಂದರೆ ರಾಜೀನಾಮೆ. ಅಕ್ಷರಗಳು ಅವೇ, ಅರ್ಥ ಪೂರ್ತಿ ಉಲ್ಟಾ! ಗೆರೆ ಸಾಲಿನ ಕೊನೆಗೆ ಬಂದರೆ ಯಾವ ಶಬ್ದ ಎಂದು ಗೆರೆ ನೋಡಿ ತಿಳಿಯುವುದಿಲ್ಲ, ಹಿಂದೆ ಮುಂದೆ ಓದಬೇಕು ಎಂದರು. ಅದೇ ಪತ್ರದಲ್ಲಿ ಮುಂದೆ ‘ಒಂದು ವರ್ಷದ ಅವಧಿಗೆ’ ಎಂದು ಇತ್ತು. ನಾನು ಅಲ್ಲಿಯ ತನಕ ಓದೇ ಇರಲಿಲ್ಲ.

ಅಕ್ಕೋರು ಇನ್ನೂ ಹೇಳಿದರು. ‘ರಿಕವರ್’ ಅಂದರೆ ಜಡ್ಡಿನಿಂದ ಗುಣವಾಗುವುದು, ‘ರೀ-ಕವರ್’ ಅಂದರೆ ಪುಸ್ತಕಕ್ಕೆ ಮತ್ತೆ ಹೊದಿಕೆ ಹಾಕುವುದು. ‘ಕೋ-ಆಪ್’ ಅಂದರೆ ಸಹಕಾರಿ ಸಂಘ. ಗೆರೆ ತೆಗೆದರೆ ಅದು ‘ಕೂಪ್’, ಅಂದರೆ ಕೋಳಿಗೂಡು! "1905ರಾಗ ಗದಗ ಹತ್ತಿರ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಸಹಕಾರಿ ಸಂಘ. ಗೆರಿ ಮರತು ಅದನ್ನ ಕೋಳಿಗೂಡು ಮಾಡಬ್ಯಾಡ್ರಿ" ಅಂದರು. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಈ ಗೆರೆಯ ಹೆಸರು ಹೈಫನ್. ಅದು ಗ್ರೀಕ್ ಭಾಷೆಯಿಂದ ಬಂದ ಶಬ್ದ, ‘ಒಟ್ಟಿಗೆ’ ಎಂದು ಅರ್ಥವಂತೆ. ನೋಡಲು ಬಿಡಿಸಿದಂತೆ ಕಂಡರೂ ಅದರ ಕೆಲಸ ಕೂಡಿಸುವುದು.

ನಮ್ಮ ಕನ್ನಡದಲ್ಲೂ ಹೀಗೆ ಇದೆ. ‘ಹೊಸ ಮನಿ’ ಎಂದು ಬಿಡಿಸಿ ಬರೆದರೆ ಹೊಸದಾಗಿ ಕಟ್ಟಿಸಿದ ಮನೆ. ಕೂಡಿಸಿ ‘ಹೊಸಮನಿ’ ಎಂದರೆ ಅಡ್ಡಹೆಸರು. ಹೊಸಮನಿಯವರು ಹಳೇ ಮನೆಯಲ್ಲಿಯೂ ಇರಬಹುದು!

ಗೆಳೆಯರೇ, ಅರ್ಧ ತಿಳಿದುಕೊಂಡು ಪೂರ್ತಿ ಹೇಳಬಾರದು. ಈಗ ಮನೆಗೆ ಇಂಗ್ಲಿಷ್ ಕಾಗದ ಬಂದರೆ ಕೊನೆಯ ತನಕ ಓದುತ್ತೇನೆ. ತಿಳಿಯದಿದ್ದರೆ "ನನಗ ತಿಳಿವಲ್ದು, ಅಕ್ಕೋರನ್ನ ಕೇಳಿ ಹೇಳ್ತೀನಿ" ಅನ್ನುತ್ತೇನೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಎಮ್ಮೆ ನಮ್ಮ ಮನೆಯಲ್ಲೇ ಇದೆ. ಹೋದ ತಿಂಗಳು ಕರು ಹಾಕಿತು.

— ಏಳನೆಯ ವರ್ಗದ ವಿದ್ಯಾರ್ಥಿ