ಓಕ್ ಕೊಂಬೆಗೆ ಜೋಳದ ಬಕೆಟ್ಟು

ಪಿಕಪ್ ಗಾಡಿಯ ಹಿಂಬಾಗಿಲು ಕೆಳಗಿಳಿಸಿದರೆ ಅದೇ ಕೆಲಸದ ಮೇಜು. ಅದರ ಮೇಲೆ ಜಿಂಕ್ ತಗಡಿನ ಬಕೆಟ್ಟು ಬೋರಲಾಗಿ ಕೂತಿದೆ. ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದವರು ನೀವು. ಗೆಳೆಯ ಡ್ರಿಲ್ಲಿಗೆ ದುಂಡನೆ ತೂತು ಕೊರೆಯುವ ಎರಡು ಇಂಚಿನ ಬಿಟ್ ಸಿಕ್ಕಿಸಿ, "ಗಟ್ಟಿಯಾಗಿ ಹಿಡ್ಕೋ ಗುರೂ, ಕೊನೇಲಿ ಒದರುತ್ತೆ ಅದು" ಎನ್ನುತ್ತಾನೆ. ತಗಡು ಕಿರ್ರೆನ್ನುತ್ತದೆ, ನಿಮ್ಮ ಹಲ್ಲು ಜುಮ್ಮೆನ್ನುತ್ತದೆ, ಕಾದ ಲೋಹದ ವಾಸನೆ ಮೂಗಿಗೆ ಬಡಿಯುತ್ತದೆ. ಕಡೆಗೊಮ್ಮೆ ಬಿಲ್ಲೆ ಟಣ್ಣೆಂದು ಒಳಗೆ ಬೀಳುತ್ತದೆ. ತೂತಿನ ಅಂಚಿಗೆ ಬೆರಳು ಹಾಕಬೇಡಿ, ಮೊದಲು ಅರ ಹಾಕಿ ಉಜ್ಜಿ. ಅಂಚಿನಲ್ಲೆದ್ದ ತಗಡಿನ ಮುಳ್ಳು ಬೆರಳನ್ನಷ್ಟೇ ಅಲ್ಲ, ಜೋಳದ ಕಾಳನ್ನೂ ಹಿಡಿದು ನಿಲ್ಲಿಸುತ್ತದೆ.

"ಪ್ಲಾಸ್ಟಿಕ್ ಬಕೆಟ್ಟೇ ಸಾಕಿತ್ತಲ್ಲ?" ಅನ್ನುತ್ತೀರಿ. ಅವನು ಉತ್ತರಿಸದೆ ಬೇಲಿಗಂಬದ ಬುಡದಲ್ಲಿ ಬಿದ್ದಿರುವ ಹಳೆಯದೊಂದರ ಕಡೆ ಗಲ್ಲ ಎತ್ತಿ ತೋರಿಸುತ್ತಾನೆ. ಅಳಿಲುಗಳು ಕಡಿದು ಕಡಿದು ಅದರಲ್ಲಿ ಮುಷ್ಟಿ ತೂರುವಷ್ಟು ಕಿಂಡಿ ಮಾಡಿವೆ.

ಇದು ಟೆಕ್ಸಾಸಿನ ಲಾನೋ ಕೌಂಟಿ. ಜಿಂಕೆಗಳ ರಾಜಧಾನಿ ಎಂದು ತನ್ನನ್ನು ತಾನೇ ಕರೆದುಕೊಳ್ಳುವ ಸೀಮೆ. ಅಕ್ಟೋಬರ್ ಆದರೂ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತದೆ. ಸುತ್ತ ಕುಳ್ಳಗೆ ಹರಡಿಕೊಂಡ ಲೈವ್ ಓಕ್ ಮರಗಳು, ಮುಳ್ಳಿನ ಮೆಸ್ಕೀಟ್, ನಡುನಡುವೆ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆ. ಗೆಳೆಯ ಮಧುಗಿರಿಯವನು, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಬಂಡೆಗಳನ್ನು ನೋಡಿಯೇ ಈ ಜಾಗವನ್ನು ಬೇಟೆಗೆ ಗುತ್ತಿಗೆ ಹಿಡಿದೆ ಎನ್ನುತ್ತಾನೆ. ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಖಾಸಗಿಯವರದು. ಹಾಗಾಗಿ ಬೇಟೆ ಬೇಕೆಂದರೆ ಜಮೀನಿನ ಯಜಮಾನನಿಗೆ ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿ ಒಳಗೆ ಬರಬೇಕು. ಋತು ತೆರೆಯುವುದು ನವೆಂಬರ್ ಮೊದಲ ಶನಿವಾರ. ಅಷ್ಟರೊಳಗೆ ಜಿಂಕೆಗಳಿಗೆ ಜೋಳ ಎರಚುವ ಈ ಬಕೆಟ್ಟಿನ ರೂಢಿ ಆಗಬೇಕು.

ಈಗ ಬಗ್ಗಿ ನೋಡಿ, ಮುಖ್ಯ ಸಂಗತಿ ಇರುವುದು ಇಲ್ಲೇ. ಬಕೆಟ್ಟಿನ ತಳ ಚಪ್ಪಟೆ. ಹಾಗೇ ಬಿಟ್ಟರೆ ಮೂಲೆಯ ಜೋಳ ಕೆಳಗಿಳಿಯದೆ ಅಲ್ಲೇ ಕೂತು ಮುಗ್ಗುತ್ತದೆ. ಅದಕ್ಕೇ ತಗಡು ಕತ್ತರಿಸಿ ಒಳಗೊಂದು ಆಲಿಕೆ ಕೂರಿಸಿದ್ದಾನೆ. ತೂತಿನ ಕೆಳಗೆ ಎರಡು ಪಟ್ಟಿ, ಆ ಪಟ್ಟಿಗೆ ಆರು ವೋಲ್ಟಿನ ಪುಟ್ಟ ಮೋಟಾರು, ಮೋಟಾರಿನ ತಲೆಯ ಮೇಲೆ ಅಂಚು ಮಡಿಸಿದ ತಟ್ಟೆ. ತಟ್ಟೆಗೂ ತೂತಿಗೂ ನಡುವೆ ಮುಕ್ಕಾಲು ಇಂಚು ಸಂದು. ಮುಚ್ಚಳ ಇಲ್ಲ, ಕವಾಟ ಇಲ್ಲ. ಒಂದು ಬೊಗಸೆ ಜೋಳ ಮೇಲಿಂದ ಸುರಿಯಿರಿ. ಕಾಳು ತಟ್ಟೆಗೆ ಬೀಳುತ್ತದೆ, ಗುಪ್ಪೆಯಾಗುತ್ತದೆ, ಗುಪ್ಪೆಯ ತುದಿ ಮೇಲೇರಿ ತೂತಿಗೆ ಮುಟ್ಟಿದ ಕೂಡಲೇ ಹರಿವು ತಾನಾಗಿ ನಿಲ್ಲುತ್ತದೆ. ಜೋಳವೇ ಜೋಳಕ್ಕೆ ಬಿರಡೆ. ಮೋಟಾರು ತಿರುಗಿದಾಗ ಗುಪ್ಪೆ ಚೆದುರಿ ಸುತ್ತಲೂ ಎರಚಿಹೋಗುತ್ತದೆ, ಮೇಲಿನದು ಇಳಿಯುತ್ತದೆ. ತಿರುಗುವುದು ನಿಂತರೆ ಮತ್ತೆ ಗುಪ್ಪೆ, ಮತ್ತೆ ಬಿರಡೆ. ಇದನ್ನು ಮೊದಲು ಯೋಚಿಸಿದವನಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ ನನಗೆ.

ಆದರೆ ಸಂದು ಹೆಚ್ಚಾದರೆ ತೂಗುವ ಬಕೆಟ್ಟು ಗಾಳಿಗೆ ಅಲ್ಲಾಡಿದಾಗಲೆಲ್ಲ ಕಾಳು ಸುರಿದುಹೋಗುತ್ತದೆ. ಕಡಿಮೆಯಾದರೆ ಎರಡು ಕಾಳು ಅಡ್ಡ ಸಿಕ್ಕಿ ಮೋಟಾರು ಗೊರಗೊರ ಅನ್ನುತ್ತದೆ. ಗೆಳೆಯ ಒಂದು ವಾಷರ್ ಹಾಕುತ್ತಾನೆ, ತಟ್ಟೆ ತಿರುಗಿಸುತ್ತಾನೆ, ತೆಗೆಯುತ್ತಾನೆ, ಇನ್ನೊಂದು ತೆಳ್ಳನೆಯದು ಹಾಕುತ್ತಾನೆ. "ಇಷ್ಟೇ ಸಾಕು ಬಿಡಪ್ಪ" ಅಂದರೂ ಕೇಳುವವನಲ್ಲ. ತಟ್ಟೆಯ ಸುತ್ತ ತಂತಿಯ ಪಂಜರ ಬೇರೆ ಕಟ್ಟಬೇಕು. ಇಲ್ಲದಿದ್ದರೆ ರಕೂನ್ ಮೇಲಿಂದ ಇಳಿದು, ಕೈಯಲ್ಲಿ ತಟ್ಟೆ ತಿರುಗಿಸಿ, ಒಂದೇ ರಾತ್ರಿಯಲ್ಲಿ ಬಕೆಟ್ಟು ಬರಿದು ಮಾಡುತ್ತದೆ.

ಬ್ಯಾಟರಿ, ಟೈಮರು ಇರುವ ಡಬ್ಬಿಯ ತಂತಿ ಕಿಂಡಿಗಳಿಗೆಲ್ಲ ಸಿಲಿಕೋನ್ ಒತ್ತಿ ಮುಚ್ಚಿ. ಇಲ್ಲಿನ ಬೆಂಕಿ ಇರುವೆಗಳಿಗೆ ಬೆಚ್ಚಗಿನ ವಿದ್ಯುತ್ ಡಬ್ಬಿ ಎಂದರೆ ಪ್ರಾಣ.

ಇನ್ನು ಲೆಕ್ಕ. ನೆಲಕ್ಕೆ ಟಾರ್ಪಾಲು ಹಾಸಿ, ಬಕೆಟ್ಟನ್ನು ಏಣಿಗೆ ನೇತುಹಾಕಿ ಗುಂಡಿ ಒತ್ತುತ್ತಾನೆ. ಹಿಂದೆ ಸರಿಯಿರಿ, ಕಾಳು ಮೊಣಕಾಲಿಗೆ ಚುರ್ರೆಂದು ಹೊಡೆಯುತ್ತದೆ. ಆರು ಸೆಕೆಂಡು. ಬಿದ್ದದ್ದನ್ನು ಬಳಿದು ತೂಗಿದರೆ ಮುಕ್ಕಾಲು ಕಿಲೋಗೆ ಹತ್ತಿರ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಈ ಬಕೆಟ್ಟು ಐದು ಗ್ಯಾಲನ್ನಿನದು, ಎಂದರೆ 19 ಲೀಟರು. ಹದಿಮೂರು ಹದಿನಾಲ್ಕು ಕಿಲೋ ಜೋಳ ಹಿಡಿಯುತ್ತದೆ, ಒಂಬತ್ತು ದಿನಕ್ಕೆ ಸಾಕು. ಇನ್ನೂ ಹೆಚ್ಚು ಎರಚಿದರೆ ಹೆಚ್ಚು ಜಿಂಕೆ ಬರುತ್ತವಲ್ಲ ಎಂದು ನಿಮಗನ್ನಿಸಬಹುದು. ಜಿಂಕೆ ಮೆಲುಕು ಹಾಕುವ ಪ್ರಾಣಿ. ಒಮ್ಮೆಲೇ ಕಾಳು ತುಂಬಿಕೊಂಡರೆ ಹೊಟ್ಟೆ ಹುಳಿಗಟ್ಟಿ ಸತ್ತೂ ಹೋಗುತ್ತದೆ. ನೆನೆದ ಜೋಳದಲ್ಲಿ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ, ಅದು ನೆಲದಲ್ಲಿ ಕಾಳು ಹೆಕ್ಕುವ ಹಕ್ಕಿಗಳಿಗೂ ಕೇಡು. ಸಂಜೆಯೊಳಗೆ ತಿಂದು ಮುಗಿಯುವಷ್ಟೇ ಬೀಳಬೇಕು.

ಜಮೀನಿನ ಯಜಮಾನ ಅಷ್ಟು ಹೊತ್ತಿಗೆ ಬರುತ್ತಾರೆ. ಎಪ್ಪತ್ತು ದಾಟಿದ ಮುದುಕರು, ಟೋಪಿಯ ಅಂಚಿನಲ್ಲಿ ಬೆವರಿನ ಉಪ್ಪು. ತಾವು ಹುಡುಗರಾಗಿದ್ದಾಗ ಇಲ್ಲಿ ಜಿಂಕೆ ಕಾಣುವುದೇ ಅಪರೂಪವಿತ್ತು ಎನ್ನುತ್ತಾರೆ. ಮರಿಯ ಹೊಕ್ಕುಳಿನ ಹಸಿ ಗಾಯಕ್ಕೆ ನೊಣ ಮೊಟ್ಟೆಯಿಟ್ಟು, ಸ್ಕ್ರೂವರ್ಮ್ ಹುಳ ಜೀವಂತ ಮಾಂಸ ತಿನ್ನುತ್ತಿತ್ತಂತೆ. 1962ರಲ್ಲಿ ಟೆಕ್ಸಾಸಿನದೇ ಮಿಷನ್ ಊರಿನ ಬಳಿ ಕಾರ್ಖಾನೆ ಹಾಕಿ, ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ಕೋಟಿಗಟ್ಟಲೆ ವಿಮಾನದಿಂದ ಚೆಲ್ಲಿದರು. ನೊಣದ ವಂಶ ಕುಗ್ಗಿತು, ಜಿಂಕೆಯ ವಂಶ ಹಿಗ್ಗಿತು. ಈಗ ರಾಜ್ಯದಲ್ಲಿ ಬಿಳಿಬಾಲದ ಜಿಂಕೆ ಐವತ್ತು ಲಕ್ಷಕ್ಕೂ ಹೆಚ್ಚು.

ಊರಿನ ನೆನಪು ನಿಮಗೆ ಬರದಿರದು. 1972ರ ವನ್ಯಜೀವಿ ಕಾಯ್ದೆಯ ನೆರಳಲ್ಲಿ ಬೆಳೆದವರು ನಾವು. ಬಂಡೀಪುರದ ರಸ್ತೆಯಲ್ಲಿ ಚುಕ್ಕಿ ಜಿಂಕೆಗೆ ಬಿಸ್ಕತ್ತು ಎಸೆದರೂ ದಂಡ ಬೀಳುತ್ತದೆ. ಇಲ್ಲಿ ಉಣಿಸಿ ಹೊಡೆಯುವುದು ಕಾನೂನುಬದ್ಧ. ಇದು ಬೇಟೆಯೇ ಎಂದು ಕೇಳಿದರೆ ಗೆಳೆಯನಿಗೆ ಸಿಟ್ಟು ಬರುವುದಿಲ್ಲ. "ಗುರಿ ಸರಿಯಾಗಿ ಸಿಗುತ್ತೆ, ಗಾಯ ಮಾಡ್ಕೊಂಡು ಓಡಿಹೋಗಲ್ಲ" ಎನ್ನುತ್ತಾನೆ. ಆ ಮಾತನ್ನು ಒಪ್ಪುತ್ತೇನೆ. ನನ್ನ ತಕರಾರು ಬೇರೆ ಕಡೆ. ಒಂದೇ ಜಾಗದಲ್ಲಿ ಹತ್ತು ಮೂತಿ ಸೇರಿದರೆ ಜೊಲ್ಲೂ ಸೇರುತ್ತದೆ. 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡ, ಜಿಂಕೆಯ ಮಿದುಳನ್ನು ತಿಂದುಹಾಕುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 2012ರಲ್ಲಿ ಟೆಕ್ಸಾಸಿಗೂ ಬಂತು. ಅದರ ಸೋಂಕು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಭಯಕ್ಕೇ ಹಲವು ರಾಜ್ಯಗಳು ಇಂಥ ಬಕೆಟ್ಟುಗಳನ್ನು ನಿಷೇಧಿಸಿವೆ. ಯಜಮಾನರು ಈ ಮಾತಿಗೆ ಉಗುಳಿ ಸುಮ್ಮನಾಗುತ್ತಾರೆ.

ಹಗ್ಗ ಎಸೆಯಿರಿ. ತುದಿಗೆ ನಟ್ಟು ಕಟ್ಟಿದೆ, ಅದು ಕೊಂಬೆ ದಾಟಿ ಆ ಕಡೆ ಬೀಳಬೇಕು. ಅದರ ಹಿಂದೆಯೇ ಉಕ್ಕಿನ ಕೇಬಲ್ ಎಳೆದುಕೊಳ್ಳುವುದು. ನೈಲಾನ್ ಹಗ್ಗವನ್ನೇ ಬಿಟ್ಟರೆ ಅಳಿಲು ಕತ್ತರಿಸುತ್ತದೆ. ತೊಗಟೆ ಸವೆಯದಂತೆ ಕೊಂಬೆಗೆ ರಬ್ಬರ್ ಪೈಪಿನ ತುಂಡು ಸುತ್ತಿ, ರಾಟೆ ಕಟ್ಟಿ, ಇಬ್ಬರೂ ಜಗ್ಗಿದರೆ ಬಕೆಟ್ಟು ತೂಗಾಡುತ್ತ ಮೇಲೇರುತ್ತದೆ. ತಳ ನೆಲದಿಂದ ಏಳು ಅಡಿ ಮೇಲಿರಲಿ, ಹಿಂಗಾಲ ಮೇಲೆ ನಿಂತ ಜಿಂಕೆಗೂ ಎಟುಕಬಾರದು. ಸೋಲಾರ್ ಫಲಕ ದಕ್ಷಿಣಕ್ಕೆ. ಕೂರುವ ಗುಡಾರ ನೂರು ಗಜ ದೂರ, ಉತ್ತರದ ತಣ್ಣನೆಯ ಗಾಳಿ ಬಂದಾಗ ನಮ್ಮ ವಾಸನೆ ಅತ್ತ ಹೋಗದ ಕಡೆ.

ಟೈಮರು ಬೆಳಗ್ಗೆ ಏಳೂವರೆಗೆ, ಸಂಜೆ ಆರೂವರೆಗೆ. ಒಂದು ತಮಾಷೆ ಇದೆ. ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುವುದು ನವೆಂಬರ್ ಮೊದಲ ಭಾನುವಾರ, ಹೆಚ್ಚಿನ ವರ್ಷ ಬೇಟೆ ಶುರುವಾದ ಮರುದಿನವೇ. ಟೈಮರನ್ನು ಮಾತ್ರ ಮುಟ್ಟಬಾರದು, ಜಿಂಕೆಗೆ ಸೂರ್ಯನೇ ಗಡಿಯಾರ.

ಆರೂವರೆ. ಗುಡಾರದ ಕಿಂಡಿಗೆ ಕಣ್ಣು ಹಚ್ಚಿ. ಮೋಟಾರು ಝುಂಯ್ ಎನ್ನುತ್ತದೆ, ಒಣಗಿದ ಎಲೆಗಳ ಮೇಲೆ ಕಾಳು ಪಟಪಟ ಬೀಳುತ್ತದೆ. ಮೆಸ್ಕೀಟ್ ಸಂದಿಯಲ್ಲಿದ್ದ ಎರಡು ಹೆಣ್ಣು ಜಿಂಕೆ ಬಿಳಿ ಬಾಲ ಎತ್ತಿ ಪರಾರಿ. "ಒಂದು ವಾರ ಹಿಂಗೇ. ಆಮೇಲೆ ಈ ಸದ್ದು ಕೇಳಿದ್ರೇ ಬರ್ತವೆ" ಎಂದು ಪಿಸುಗುಡುತ್ತಾನೆ ಗೆಳೆಯ. ದೊಡ್ಡ ಕೊಂಬಿನ ಗಂಡು ಆಗಲೂ ಕತ್ತಲಾಗುವ ತನಕ ಪೊದೆಯಲ್ಲೇ ಉಳಿಯುತ್ತದೆ, ಮುಂದೆ ಹೆಣ್ಣುಗಳನ್ನು ಬಿಟ್ಟು ನೋಡುತ್ತದೆ. ಜೊತೆಗೆ ಈ ವಾರ ಓಕ್ ಕಾಯಿ ಉದುರಲು ಶುರುವಾದರೆ ನಿಮ್ಮ ಜೋಳವನ್ನು ಯಾರೂ ಮೂಸುವುದಿಲ್ಲ.

ಕೆಂಪು ಕಾರ್ಡಿನಲ್ ಹಕ್ಕಿಯೊಂದು ಇಳಿದು ಕಾಳು ಹೆಕ್ಕುತ್ತದೆ. ಆಮೇಲೆ ಹಳ್ಳದ ಕಡೆಯಿಂದ ಗೊರಕೆ, ಕುಯ್‌ಗುಟ್ಟುವ ಸದ್ದು. ಕಾಡುಹಂದಿಯ ಸಂಸಾರ, ಮರಿಗಳ ಸಮೇತ. ಬಕೆಟ್ಟಿನ ಕೆಳಗಿನ ನೆಲವನ್ನು ಮೂತಿಯಲ್ಲೇ ಉಳುತ್ತಿವೆ. ಇವನ್ನು ವರ್ಷವಿಡೀ ಹೊಡೆಯಬಹುದು, 2019ರಿಂದ ಖಾಸಗಿ ಜಮೀನಿನಲ್ಲಿ ಲೈಸೆನ್ಸೂ ಬೇಡ. ಆದರೆ ಬಂದೂಕು ಆಸ್ಟಿನ್ನಿನ ಮನೆಯ ಕಪಾಟಿನಲ್ಲಿದೆ. ಗೆಳೆಯ ಫೋನ್ ತೆಗೆದು ಬೇಲಿಯ ಲೆಕ್ಕ ಹಾಕುತ್ತಿದ್ದಾನೆ: ಹದಿನಾರು ಅಡಿ ಉದ್ದ, 34 ಇಂಚು ಎತ್ತರದ ಕಬ್ಬಿಣದ ಜಾಲರಿ, ಹಂದಿ ದಾಟಲಾರದು, ಜಿಂಕೆ ಹಾರಿ ಬರುತ್ತದೆ. ಎಂಟಾದರೂ ಬೇಕು. "ಅಂಗಡಿ ಎಷ್ಟೊತ್ತಿಗೆ ತೆಗೀತಾರೋ ನಾಳೆ" ಎಂದು ಕೇಳುತ್ತಾನೆ.